ಕೊಟ್ಟಿಗೆಯ ಹಿಂದಿನ ಹಸಿರು

ಹೋದ ತಿಂಗಳು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ದಿನದ ಮಳೆಗೆ ಚರಂಡಿ ಉಕ್ಕಿತ್ತು. ಹೆಂಗಸೊಬ್ಬಳು ಅದರ ಅಂಚಿಗುಂಟ ಬುಟ್ಟಿಯಿಂದ ಬ್ಲೀಚಿಂಗ್ ಪುಡಿ ಎರಚುತ್ತ ಬಂದಳು. ಆ ಘಾಟು ಮೂಗಿಗೆ ಬಡಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದೆ. ಕಂಬ ಹಿಡಿದು ನಿಂತುಕೊಂಡೆ. ವಯಸ್ಸೆಲ್ಲ ನರ್ಸ್ ಕೆಲಸದಲ್ಲೇ ಕಳೆದವಳಿಗೆ ಬ್ಲೀಚಿಂಗ್ ಪುಡಿಯ ವಾಸನೆ ಆಗಿಬರುವುದಿಲ್ಲ ಅಂದರೆ ಯಾರೂ ನಂಬಲಿಕ್ಕಿಲ್ಲ. ನನ್ನ ಪಾಲಿಗೆ ಅದು ಆಸ್ಪತ್ರೆಯ ವಾಸನೆ ಅಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಒಂದು ಮುಂಗಾರಿನ ವಾಸನೆ.

ಆಗ ನನಗೆ ಇಪ್ಪತ್ಮೂರು. ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಗೆ ಆರೋಗ್ಯ ಸಹಾಯಕಿಯೆಂದು ಹಾಕಿದ್ದರು. ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು ಐದು ಮೈಲಿ ಒಳಗೆ ಹೋಗಬೇಕು. ಊರಿನ ಹೆಸರು ಬರೆಯುವುದಿಲ್ಲ. ಆ ಮನೆತನದವರು ಇನ್ನೂ ಅಲ್ಲೇ ಇದ್ದಾರೆ, ಅವರ ಮೊಮ್ಮಕ್ಕಳದೇನೂ ತಪ್ಪಿಲ್ಲ.

ನಾನು ಈ ಕೆಲಸಕ್ಕೆ ಹೇಳಿ ಮಾಡಿಸಿದವಳಲ್ಲ. ಹರಪನಹಳ್ಳಿಯ ನಮ್ಮ ಮನೆಯಲ್ಲಿ ನನ್ನನ್ನು ಎಲ್ಲರೂ ‘ಹೇಸಿಗಿ ಹೆಣ್ಣು’ ಎಂದೇ ಕರೆಯುತ್ತಿದ್ದರು. ಅನ್ನದಲ್ಲಿ ಒಂದು ಕೂದಲು ಕಂಡರೆ ಆ ಹೊತ್ತಿನ ಊಟ ಮುಗಿದ ಹಾಗೆ. ಇನ್ನೊಬ್ಬರು ಕುಡಿದ ಲೋಟ ಮುಟ್ಟುತ್ತಿರಲಿಲ್ಲ. ಹಬ್ಬದ ದಿನ ಅಂಗಳ ಸಾರಿಸಲು ಸಗಣಿ ಕಲಸು ಅಂದರೆ ತಂಗಿಯನ್ನು ಮುಂದೆ ಮಾಡುತ್ತಿದ್ದೆ. ಟೀಚರ್ ಆಗುವ ಆಸೆಯಿತ್ತು, ಆ ಸೀಟು ಸಿಗಲಿಲ್ಲ, ಇದು ಸಿಕ್ಕಿತು. ತರಬೇತಿಯಲ್ಲಿ ಹೆರಿಗೆ ಕೋಣೆಯ ಬಾಗಿಲಲ್ಲಿ ಎರಡು ಸಲ ಕಣ್ಣು ಕತ್ತಲೆ ಬಂದು ಕೂತಿದ್ದೇನೆ. ಆಮೇಲೆ ಉಸಿರು ಬಿಗಿಹಿಡಿದು, ಅರ್ಧ ಕಣ್ಣು ಮುಚ್ಚಿ, ಬೇಗಬೇಗ ಮುಗಿಸಿ ಕೈ ತೊಳೆಯುವುದನ್ನು ಕಲಿತೆ. ಕಲಿತಿದ್ದು ಅಷ್ಟೇ.

ಊರಿನಲ್ಲಿ ನನಗೆ ಇರಲು ಜಾಗ ಕೊಟ್ಟವರು ಗೌಡರು. ಅವರ ಮನೆಯ ಹಿತ್ತಲಿಗೆ ಹೊಂದಿದ ಒಂದು ಕೋಣೆ, ಅಲ್ಲೇ ನನ್ನ ಔಷಧದ ಪೆಟ್ಟಿಗೆ, ಅಲ್ಲೇ ಸ್ಟವ್. ನಮ್ಮವರ ಪೈಕಿಯ ಹುಡುಗಿ, ಈಬತ್ತಿ ಹಚ್ಚಿಕೊಳ್ಳುತ್ತಾಳೆ, ಮಾಂಸ ಮುಟ್ಟುವುದಿಲ್ಲ ಎಂದು ಗೌಡರ ಹೆಂಡತಿ ಗಿರಿಜಮ್ಮನಿಗೆ ನನ್ನ ಮೇಲೆ ಬಹಳ ಅಕ್ಕರೆ. ದಿನಾ ಒಂದು ಚೆಂಬು ಮಜ್ಜಿಗೆ ಬರುತ್ತಿತ್ತು. ಗೌಡರು ಮೆಲುದನಿಯ ಮನುಷ್ಯ. ನಾನು ಹಾದುಹೋದಾಗೆಲ್ಲ ಊಟ ಆಯಿತೇ ಎಂದು ಕೇಳದೆ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ನನಗೆ ಹಿಡಿಸದಿದ್ದದ್ದು ಒಂದೇ, ದನದ ಕೊಟ್ಟಿಗೆಯ ಹಿಂದಿನ ಮೂಲೆ. ಹೊಸದಾಗಿ ಕಟ್ಟಿಸಿದ ಪಾಯಿಖಾನೆಯ ಗುಂಡಿ ಆ ಕಡೆ ಇತ್ತು, ಗಂಜಲವೂ ಆ ಕಡೆಗೇ ಹರಿಯುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಮುಖ ತಿರುಗಿಸಿ ದಾಟಿಬಿಡುತ್ತಿದ್ದೆ. ಅಲ್ಲಿ ಏನಿದೆ ಎಂದು ಆರು ತಿಂಗಳಲ್ಲಿ ಒಂದು ಸಲವೂ ನೋಡಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ನಾಲ್ಕನೆಯ ದಿನ ಕೇರಿಯಲ್ಲಿ ವಾಂತಿಭೇದಿ ಶುರುವಾಯಿತು. ಕೇರಿ ಊರಿನ ತಗ್ಗಿನಲ್ಲಿತ್ತು. ಬೋರಿನ ನೀರು ಮೇಲಿನ ಟ್ಯಾಂಕಿಗೆ ಏರಿ, ಪೈಪಿನಲ್ಲಿ ಊರು ದಾಟಿ ಕಟ್ಟಕಡೆಗೆ ಅಲ್ಲಿಯ ನಲ್ಲಿಗೆ ಬರುತ್ತಿತ್ತು. ಮೊದಲ ದಿನ ಇಬ್ಬರು, ಮಾರನೆಯ ದಿನ ಹತ್ತು ಹನ್ನೆರಡು ಮಂದಿ. ಶಾಲೆಗೆ ರಜೆ ಕೊಟ್ಟು ಅದರ ಪಡಸಾಲೆಯಲ್ಲಿ ಅವರನ್ನು ಮಲಗಿಸಿದೆವು. ಕಿಟಕಿಯ ಸರಳುಗಳಿಗೆ ಸಲೈನ್ ಬಾಟಲಿ ಕಟ್ಟಿದೆವು. ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ಮೇಲೆ ನೀರಿನ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ನಮ್ಮ ಡಾಕ್ಟರು ದಿನಾ ಮಧ್ಯಾಹ್ನದ ಹೊತ್ತಿಗೆ ಜೀಪಿನಲ್ಲಿ ಬಂದು ನೋಡಿ ಹೋಗುತ್ತಿದ್ದರು. ಉಳಿದ ಹೊತ್ತೆಲ್ಲ ನಾನು, ನನ್ನ ಬ್ಲೀಚಿಂಗ್ ಪುಡಿಯ ಚೀಲ, ಮತ್ತು ಬೊಮ್ಮಕ್ಕ.

ಬೊಮ್ಮಕ್ಕ ಊರಿನ ಸೂಲಗಿತ್ತಿ. ಅರವತ್ತು ದಾಟಿದ್ದವಳು, ಕುರಿ ಸಾಕುವ ಮನೆಯವಳು. ಯಾರೂ ಕರೆಯದೆ ಬಂದು, ಕಚ್ಚೆ ಬಿಗಿದು, ಪಡಸಾಲೆ ತೊಳೆಯಲು ನಿಂತಳು. ಅಕ್ಕಿ ತೊಳೆದ ನೀರಿನಂಥ ಆ ಭೇದಿ, ಅದರ ಮೇಲೆ ಕವಿಯುವ ನೊಣ, ಒದ್ದೆ ಗೋಣಿಚೀಲಗಳ ಆ ಹುಳಿನಾತ ಯಾವುದೂ ಅವಳಿಗೆ ತಟ್ಟುತ್ತಿರಲಿಲ್ಲ. ನಾನು ಗಂಟೆಗೊಮ್ಮೆ ಶಾಲೆಯ ಹಿಂದೆ ಹೋಗಿ ವಾಂತಿ ಮಾಡಿ ಬರುತ್ತಿದ್ದೆ.

ಇದು ಕೇರಿಯವರೇ ತಂದುಕೊಂಡದ್ದು ಎಂದು ಊರು ಮಾತಾಡಿಕೊಂಡಿತು. ಹಿಂದಿನ ವಾರ ಅವರಲ್ಲಿ ದೇವರಿಗೆ ಕುರಿ ಬಿದ್ದಿತ್ತು; ಉಳಿದ ಬಾಡನ್ನು ಎರಡು ದಿನ ಇಟ್ಟುಕೊಂಡು ತಿಂದಿದ್ದಾರೆ, ಹೊಲಸು ಜನ ಎಂದು ಗಿರಿಜಮ್ಮ ಮಜ್ಜಿಗೆ ಕೊಡುತ್ತ ಹೇಳಿದಳು. ನಾನು ತಲೆಯಾಡಿಸಿದೆ. ಸುಮ್ಮನೆ ಅಲ್ಲ, ನಂಬಿ ಆಡಿಸಿದೆ.

ಮೂರನೆಯ ದಿನ ಬೆಳಗ್ಗೆ ಕೇರಿಯ ದುರುಗಪ್ಪನ ತಾಯಿ ಓಡುತ್ತ ಬಂದಳು. ಸೊಸೆ ಹುಲಿಗೆಮ್ಮನಿಗೆ ಎದ್ದು ನಿಲ್ಲಲು ಆಗುತ್ತಿಲ್ಲವಂತೆ. ಹುಲಿಗೆಮ್ಮ ನನಗೆ ಗೊತ್ತಿದ್ದವಳು. ಎಂಟು ತಿಂಗಳ ಕೂಸಿನ ತಾಯಿ, ಚುಚ್ಚುಮದ್ದಿಗೆ ಕೂಸನ್ನು ಕರೆತಂದಾಗಲೆಲ್ಲ ಅಳುವ ಕೂಸಿಗಿಂತ ಹೆಚ್ಚು ಹೆದರುತ್ತಿದ್ದಳು. ಮುದುಕಿಯ ಹಿಂದೆ ಹೋದೆ. ಒಂದೇ ಕೋಣೆಯ ಮನೆ, ತಗ್ಗಿದ ಬಾಗಿಲು. ಬಗ್ಗಿ ನೋಡಿದರೆ ಒಳಗಿನ ಕತ್ತಲಿಂದ ಆ ನಾತ ಮುಖಕ್ಕೆ ರಾಚಿತು. ಅವಳು ಮೂಲೆಯಲ್ಲಿ ಚೀಲದ ಮೇಲೆ ಮಲಗಿದ್ದಳು, ತಲೆಯ ಕಡೆಯದೆಲ್ಲ ಕತ್ತಲಲ್ಲಿತ್ತು, ಸೀರೆ ಸೊಂಟದ ಕೆಳಗೆ ಪೂರ್ತಿ ನೆನೆದಿತ್ತು. ನನ್ನ ಕಾಲು ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ಮುದುಕಿಯ ಕೈಗೆ ನಾಲ್ಕು ಓಆರ್‌ಎಸ್ ಪೊಟ್ಟಣ ಕೊಟ್ಟು, ನೀರಿಗೆ ಕಲಸಿ ಕುಡಿಸಲು ಹೇಳಿ, ಆಮೇಲೆ ಶಾಲೆಗೆ ಕರೆತನ್ನಿ ಎಂದು ತಿರುಗಿಬಿಟ್ಟೆ.

ಎರಡು ಹೆಜ್ಜೆ ಒಳಗಿಟ್ಟು ನಾಡಿ ಹಿಡಿದಿದ್ದರೆ, ಕಣ್ಣು ಒಳಗೆ ಹೋಗಿದ್ದು ಕಂಡಿದ್ದರೆ, ಪೊಟ್ಟಣದಿಂದ ಏನೂ ಆಗದು, ಈಗಲೇ ಸಲೈನ್ ಏರಿಸಬೇಕು ಎಂದು ತಿಳಿಯುತ್ತಿತ್ತು. ಬಾಟಲಿಗಳು ಶಾಲೆಯಲ್ಲೇ ಇದ್ದವು. ಅವಳನ್ನು ಹೊರಸಿನ ಮೇಲೆ ಹೊತ್ತು ತಂದಾಗ ಮಧ್ಯಾಹ್ನ ಆಗಿತ್ತು. ಹೊರಸನ್ನು ಕೆಳಗಿಳಿಸುವ ಹೊತ್ತಿಗೆ ಜೀವ ಇರಲಿಲ್ಲ.

ಡಾಕ್ಟರು ಅವಳ ರೆಪ್ಪೆ ಬಿಡಿಸಿ ನೋಡಿ, ಬೆಳಗ್ಗೆ ಇವಳನ್ನು ಯಾರು ನೋಡಿದ್ದು ಎಂದು ಕೇಳಿದರು.

“ನಾನೇ ಸರ್,” ಅಂದೆ. “ಆಗ ಅಷ್ಟೇನೂ ಇರಲಿಲ್ಲ.”

ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನು ನೆನೆದರೆ ಇವತ್ತಿಗೂ ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯ. ಅವತ್ತು ಕೋಣೆಗೆ ಬಂದು ಕೈಯನ್ನು ಸೋಪಿನಿಂದ ಚರ್ಮ ಕೆಂಪಾಗುವ ತನಕ ತಿಕ್ಕಿದೆ. ಆ ಕೈ ಯಾರನ್ನೂ ಮುಟ್ಟಿರಲಿಲ್ಲ. ಆಮೇಲೆ ಕೆಲಸ ಬಿಡುತ್ತೇನೆಂದು ಒಂದು ಕಾಗದ ಬರೆದು ಪೆಟ್ಟಿಗೆಯಲ್ಲಿಟ್ಟೆ.

ಮಾರನೆಯ ಬೆಳಗ್ಗೆ ಬೊಮ್ಮಕ್ಕ ಬಾಗಿಲಿಗೆ ಬಂದಳು. ನಾನು ಅನ್ನ ಬಿಟ್ಟಿದ್ದು ಅವಳಿಗೆ ಹೇಗೋ ತಿಳಿದಿತ್ತು. ಸಮಾಧಾನದ ಮಾತೇನೂ ಆಡಲಿಲ್ಲ. ಡಾಕ್ಟರು ಬರಲು ಹೊತ್ತಿದೆ, ಪಡಸಾಲೆಯಲ್ಲಿ ತನ್ನ ಮಗಳು ಕೂತಿದ್ದಾಳೆ, ಕುರಿ ಮೇಯಿಸಲು ಹೋಗುತ್ತಿದ್ದೇನೆ, ಬಾ ಅಂದಳು. ನನಗೆ ಹೋಗಲು ಬೇರೆ ಜಾಗವೂ ಇರಲಿಲ್ಲ.

ಊರ ಹಿಂದಿನ ಗುಡ್ಡವನ್ನು ನಾನು ಆರು ತಿಂಗಳಿಂದ ಕಂಡಿದ್ದೆ, ಕಲ್ಲು ಮುಳ್ಳು ಎಂದು ಬಿಟ್ಟಿದ್ದೆ. ಹತ್ತಿರ ಹೋದರೆ ಅದು ಬೇರೆಯೇ ಇತ್ತು. ಒಂದೇ ಮಳೆಗೆ ಕಮರದ ಮರಗಳು ಎಳೆ ಎಲೆ ಬಿಟ್ಟಿದ್ದವು, ಕೂಸಿನ ಕಿವಿಯಷ್ಟು ತೆಳ್ಳನೆಯ ತಾಮ್ರದ ಬಣ್ಣದ ಎಲೆ. ಬಂಡೆಯ ಸಂದಿಯಲ್ಲಿ ತಂಗಡಿ ಗಿಡ ಹಳದಿ ಹೂ ಚೆಲ್ಲಿ ನಿಂತಿತ್ತು. ಕೆಂಪು ಮಖಮಲ್ಲಿನ ಚೂರುಗಳಂಥ ಹುಳಗಳು ಮಣ್ಣಿನ ಮೇಲೆ ನಡೆದಾಡುತ್ತಿದ್ದವು. ಚಂದ ಇದೆ ಎಂದು ಅನ್ನಿಸಿದ ಕೂಡಲೇ ಸಿಟ್ಟು ಬಂತು. ಅವಳು ಸತ್ತ ಮಾರನೆಯ ದಿನ ಹೂ ನೋಡುತ್ತ ನಿಂತಿದ್ದೇನಲ್ಲ ಅನ್ನಿಸಿತು.

ಇನ್ನೂ ಸ್ವಲ್ಪ ಮೇಲೆ ಹೋದಾಗ ಗಾಳಿಯಲ್ಲಿ ಕೊಳೆತ ವಾಸನೆ. ಎರಡು ದಿನದ ಹಿಂದೆ ಬೊಮ್ಮಕ್ಕನ ಒಂದು ಕುರಿ ಸತ್ತು ಅಲ್ಲೇ ಬಿದ್ದಿತ್ತು. ನಾನು ಸೆರಗು ಮೂಗಿಗೆ ತಂದು ಹಿಂದಕ್ಕೆ ತಿರುಗಿದೆ. ಅವಳು ನನ್ನ ಮೊಣಕೈ ಹಿಡಿದಳು.

“ಮೂಗು ಬಿಡು ಯವ್ವಾ. ಒಂದೀಟು ಹೊತ್ತು ನಾರತೈತಿ, ಆಮ್ಯಾಲೆ ಗೊತ್ತಾಗಂಗಿಲ್ಲ. ಕುಂದ್ರು, ನೋಡು.”

ಕೂತೆ. ಸೆರಗು ಮೂಗಿನ ಮೇಲೇ ಇತ್ತು. ನೋಡಿದೆ. ಕಾಗೆಗಳು ತಮ್ಮ ಪಾಲು ಮುಗಿಸಿ ಹೋಗಿದ್ದವು. ಇರುವೆಗಳ ಸಾಲು ಕುರಿಯ ಕಣ್ಣಿನ ಗುಳಿಯಿಂದ ಹೊರಟು ಒಂದು ಕಲ್ಲಿನ ಬುಡದ ತನಕ ಹರಿದಿತ್ತು. ಹೊಟ್ಟೆಯ ಹತ್ತಿರ ಕರಿ ಜೀರುಂಡೆಗಳು ಮಣ್ಣು ಕೆದರುತ್ತಿದ್ದವು. ಯಾವುದಕ್ಕೂ ಅವಸರವಿಲ್ಲ, ಯಾವುದಕ್ಕೂ ಹೇಸಿಗೆಯಿಲ್ಲ. ಎರಡು ದಿನದಲ್ಲಿ ಅರ್ಧ ಕುರಿ ನೆಲ ಸೇರಿತ್ತು. ಪಕ್ಕದಲ್ಲಿ ಒಂದು ಸಗಣಿ ಹುಳ ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಿಂದ ಇಳಿಜಾರಿನ ಮೇಲಕ್ಕೆ ತಳ್ಳುತ್ತಿತ್ತು. ಉಂಡೆ ಉರುಳಿ ಕೆಳಕ್ಕೆ ಬಂತು, ಅದೂ ಜೊತೆಗೆ ಉರುಳಿತು. ಎದ್ದು ಮತ್ತೆ ಹಿಂಗಾಲು ಕೊಟ್ಟಿತು. ಎಷ್ಟು ಹೊತ್ತು ಅದನ್ನೇ ನೋಡುತ್ತ ಕೂತಿದ್ದೆನೋ. ಸೆರಗು ಯಾವಾಗ ಕೈಜಾರಿತೋ ತಿಳಿಯಲಿಲ್ಲ. ಆ ಕರಿ ಹುಳದ ಬೆನ್ನು ಬಿಸಿಲಿಗೆ ನೀಲಿಯಾಗಿ ಮಿನುಗುತ್ತಿತ್ತು. ಅಷ್ಟು ಚಂದದ ನೀಲಿಯನ್ನು ನಾನು ಯಾವ ಸೀರೆಯಲ್ಲೂ ಕಂಡಿರಲಿಲ್ಲ.

ಗುಡ್ಡ ಇಳಿದಾಗ ನನಗೆ ದುಃಖವೇನೂ ಕಡಿಮೆಯಾಗಿರಲಿಲ್ಲ. ಆದರೆ ಶಾಲೆಯ ಪಡಸಾಲೆಯಲ್ಲಿ ಅವತ್ತು ಒಬ್ಬ ಮುದುಕನ ಬಟ್ಟೆ ಬದಲಿಸುವಾಗ ಕಣ್ಣು ಮುಚ್ಚಲಿಲ್ಲ. ನಾತ ಬಂತು, ಬರಲಿ ಎಂದು ಬಿಟ್ಟೆ. ಕಣ್ಣು ಬಿಟ್ಟು ಮಾಡಿದರೆ ಕೆಲಸ ಎಷ್ಟು ಚೊಕ್ಕವಾಗಿ ಆಗುತ್ತದೆ ಎಂದು ಆವಾಗಲೇ ನನಗೆ ಗೊತ್ತಾದದ್ದು.

ಆಮೇಲೆ ದಿನಾ ಬೆಳಗ್ಗೆ ಒಂದು ತಾಸು ಅವಳ ಜೊತೆ ಹೋದೆ. ಬೊಮ್ಮಕ್ಕ ಪಾಠ ಹೇಳುವವಳಲ್ಲ, ಕೇಳಿದರೆ ಉತ್ತರ ಕೊಡುತ್ತಿದ್ದಳು. ಯಾವ ಗಿಡವನ್ನು ಕುರಿ ಮೂಸಿ ಬಿಡುತ್ತದೆ, ಗೌಜಿಗ ಹಕ್ಕಿ ಮೊಟ್ಟೆಯನ್ನು ಎಲ್ಲಿ ಇಡುತ್ತದೆ, ಕರಡಿ ಹುತ್ತ ಕೆದರಿದ ಗುರುತು ಯಾವುದು. ನಾನು ಎಲ್ಲವನ್ನೂ ಹಸಿದವಳ ಹಾಗೆ ನೋಡಿದೆ.

ಹೀಗೆ ನೋಡುತ್ತಿದ್ದ ಐದನೆಯ ದಿನವೋ ಆರನೆಯ ದಿನವೋ ಬಂಡೆಯ ಮೇಲೆ ಕೂತು ಊರ ಕಡೆ ತಿರುಗಿದೆ. ಮಳೆ ಒಂದೇ ಬಿದ್ದು ಹೋಗಿತ್ತು, ಬಯಲೆಲ್ಲ ಇನ್ನೂ ಕೆಂಪಗೇ ಇತ್ತು. ಆ ಕೆಂಪಿನ ನಡುವೆ ಊರಿನ ಮಧ್ಯದಲ್ಲಿ ಒಂದೇ ಒಂದು ಪಟ್ಟಿ ಕಡು ಹಸಿರಾಗಿತ್ತು. ಅದು ಗೌಡರ ಕೊಟ್ಟಿಗೆಯ ಹಿಂದೆ. ಕೊಕ್ಕರೆ ಎರಡು ಅಲ್ಲಿ ಓಡಾಡುತ್ತಿದ್ದವು. ಬೊಮ್ಮಕ್ಕನಿಗೆ ತೋರಿಸಿದೆ.

ಅವಳು ಅಂಗೈ ಅಡ್ಡ ಹಿಡಿದು ನೋಡಿದಳು. “ಜೇಕು ಅದು, ನೀರಿನ ಹುಲ್ಲು. ಬ್ಯಾಸಗಿಯಾಗೂ ಒಣಗಿಲ್ಲ ಅಂದ್ರ ಕೆಳಗ ನೀರು ಹರೀತೈತಿ ನೋಡು.”

ಟ್ಯಾಂಕಿನಿಂದ ಕೇರಿಗೆ ಹೋಗುವ ಪೈಪು ಆ ಮೂಲೆಯ ಕೆಳಗೇ ಹಾದಿತ್ತು.

ಗುಡ್ಡದಿಂದ ನೇರ ಅಲ್ಲಿಗೇ ಹೋದೆವು. ನಾನು ಮುಖ ತಿರುಗಿಸಿ ದಾಟುತ್ತಿದ್ದ ಆ ಜಾಗದಲ್ಲಿ ಮೊದಲ ಸಲ ನಿಂತು ನೋಡಿದೆ. ಮೊಣಕಾಲೆತ್ತರದ ಜೇಕು, ಅದರ ನಡುವೆ ಚಪ್ಪಡಿ ಅರ್ಧ ಮುಚ್ಚಿದ ಒಂದು ಗುಂಡಿ. ಗಂಜಲ ಅದಕ್ಕೇ ಇಳಿಯುತ್ತಿತ್ತು. ಪಕ್ಕದ ಪಾಯಿಖಾನೆಯ ಗುಂಡಿಯ ಗೋಡೆ ಬಿರುಕು ಬಿಟ್ಟು ಕಪ್ಪು ನೀರು ಅದರೊಳಗೇ ಜಿನುಗುತ್ತಿತ್ತು. ಆ ನೀರಿನ ಅಡಿಯಿಂದ ಒಂದು ಸಣ್ಣ ಪೈಪು ಎದ್ದು ಕೊಟ್ಟಿಗೆಯ ಬಾನಿಗೆ ಹೋಗಿತ್ತು. ಗೌಡರು ದನಕ್ಕೆ ಕುಡಿಸಲು ಇಲ್ಲಿ ಗುಂಡಿ ತೋಡಿ ಊರಿನ ಪೈಪನ್ನು ಕೊರೆದು ಜೋಡಿಸಿಕೊಂಡಿದ್ದರು. ಅವರ ಮನೆಯವರು ಕುಡಿಯುತ್ತಿದ್ದದ್ದು ತೋಟದ ಬಾವಿಯ ನೀರು. ಮೇಲಿನ ಓಣಿಯ ನಲ್ಲಿಗಳು ಈ ಗುಂಡಿಗಿಂತ ಮುಂಚೆಯೇ ಬರುತ್ತಿದ್ದವು. ಇದಾದ ಮೇಲೆ ಇದ್ದದ್ದು ಕೇರಿಯ ನಲ್ಲಿ ಒಂದೇ.

ಚಪ್ಪಡಿ ಸರಿಸಿ, ಮಂಡಿಯೂರಿ ಕೂತೆ. ಉಸಿರು ಬಿಗಿಹಿಡಿಯಲಿಲ್ಲ. ಮೊಣಕೈ ತನಕ ಕೈ ಇಳಿಸಿದೆ. ಅಂಟು ಅಂಟಾದ ಕೆಸರಿನಲ್ಲಿ ಪೈಪು ಸಿಕ್ಕಿತು, ಸೈಕಲ್ ಟ್ಯೂಬು ಸುತ್ತಿದ್ದ ಜೋಡಣೆಯೂ ಸಿಕ್ಕಿತು. ಟ್ಯೂಬು ಸಡಿಲಾಗಿ ಅದರಡಿಯ ಸೀಳು ಬೆರಳಿಗೆ ತಗಲಿತು. ದಿನದ ಹಾಗೆ ಕರೆಂಟು ಹೋಗಿ ಬೋರು ನಿಂತಿತ್ತು, ಅದೇ ಹೊತ್ತಿಗೆ ಟ್ಯಾಂಕಿನ ನೀರೂ ಮುಗಿಯಿತು. ಕೆಳಗೆ ಕೇರಿಯ ನಲ್ಲಿಯಲ್ಲಿ ಹೆಂಗಸರು ಕೊಡ ಹಿಡಿದಿದ್ದರು. ಪೈಪು ಖಾಲಿಯಾಗುತ್ತ, ಆ ಸೀಳು ನನ್ನ ಅಂಗೈಯನ್ನು ಒಳಕ್ಕೆ ಎಳೆಯಿತು. ಗುಂಡಿಯ ನೀರನ್ನು ಅದು ಕುಡಿಯುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತು ಕೊಟ್ಟ ನಾಲ್ಕು ಪೊಟ್ಟಣಗಳನ್ನು ಆ ಮುದುಕಿ ಕಲಸಿದ್ದು ಈ ನೀರಿಗೇ ಎಂದು ಆಗ ಹೊಳೆಯಿತು.

ಹೊಲಸು ಜನ ಎಂಬ ಗಿರಿಜಮ್ಮನ ಮಾತಿಗೆ ತಲೆಯಾಡಿಸಿದವಳು ನಾನು. ಹೊಲಸು ಯಾವ ಮನೆಯಿಂದ ಯಾವ ಮನೆಗೆ ಹರಿಯುತ್ತಿತ್ತು ಎಂಬುದು ಈಗ ನನ್ನ ಅಂಗೈಗೆ ತಗಲುತ್ತಿತ್ತು. ಬೊಮ್ಮಕ್ಕನನ್ನು ನನ್ನ ಕೋಣೆಗೆ ಕಳಿಸಿ ಪೆಟ್ಟಿಗೆಯಲ್ಲಿದ್ದ ನೀರಿನ ಮಾದರಿ ತೆಗೆಯುವ ಬಾಟಲಿ ತರಿಸಿದೆ. ತುಂಬಿ ಮುಚ್ಚಳ ಹಾಕುವಾಗ ಗೌಡರು ಬಂದರು. ಅವರ ಹಿಂದೆ ಗಿರಿಜಮ್ಮ.

ಗೌಡರು ದನಿ ಏರಿಸಲಿಲ್ಲ. “ಇದರಾಗ ಯಾಕ ಕೈ ಇಟ್ಟೆವ್ವ, ಹೊಲಸು. ನೀ ನಮ್ಮ ಮನಿ ಮಗಳಿದ್ದಂಗ. ನಾಳೆ ಆಳು ಹಚ್ಚಿ ನಾನೇ ಸರಿ ಮಾಡಸ್ತೀನಿ. ಊರಿಗೆಲ್ಲ ಯಾಕ ಬೇಕು ಇದು? ಹೋಗು, ಕೈ ತೊಳಕ.”

ಗಿರಿಜಮ್ಮ ಅಷ್ಟರಲ್ಲೇ ಚೆಂಬಿನಲ್ಲಿ ನೀರು, ಸೋಪು ತಂದಿದ್ದಳು. ಮುಂಚಿನ ನಾನಾಗಿದ್ದರೆ ಆ ಸೋಪಿಗೆ ಜೀವ ಬಿಡುತ್ತಿದ್ದೆ.

“ಡಾಕ್ಟ್ರು ಬರೋತನ ಈ ಕೈ ತೊಳ್ಕಳಂಗಿಲ್ಲ ಗೌಡ್ರ,” ಅಂದೆ.

ಹಾಗೇ ಊರಿನ ನಡುವೆ ನಡೆದು ಶಾಲೆಗೆ ಹೋದೆ. ದಾರಿಯಲ್ಲಿ ಕೇರಿಗೆ ಇಳಿದು ನಲ್ಲಿ ನಿಲ್ಲಿಸಿ ಬಂದೆ, ಕೊಡಗಳನ್ನು ಚೆಲ್ಲಿಸಿದೆ. ಕೈ ಮೇಲಿನದು ಬಿಸಿಲಿಗೆ ಒಣಗಿ ಬಿಗಿಯಿತು, ನೊಣ ಮುತ್ತಿದವು. ರೋಗಿಗಳ ಹತ್ತಿರ ಹೋಗದೆ ಬೇವಿನ ಮರದ ಕೆಳಗೆ ಎರಡು ತಾಸು ಕೂತೆ. ಹೇಸಿಗೆ ಆಗಲಿಲ್ಲ ಎಂದರೆ ಸುಳ್ಳು. ಮೈಯೆಲ್ಲ ಹೇಸಿಗೆ. ಆದರೆ ಅದು ನನ್ನನ್ನು ಓಡಿಸುವ ಹೇಸಿಗೆಯಾಗಿರಲಿಲ್ಲ, ಕೂರಿಸಿ ಹಿಡಿದಿದ್ದ ಹೇಸಿಗೆ.

ಡಾಕ್ಟರು ಬಂದರು. ಬಾಟಲಿ ಕೊಟ್ಟೆ, ಕೈ ತೋರಿಸಿದೆ, ಎಲ್ಲ ಹೇಳಿದೆ. ಹೇಳಿ ಮುಗಿದ ಮೇಲೆ ಇನ್ನೊಂದು ಉಳಿದಿತ್ತು.

“ಅವತ್ತು ಹುಲಿಗೆಮ್ಮನ್ನ ನಾನು ಒಳಗೆ ಹೋಗಿ ನೋಡಿರಲಿಲ್ಲ ಸರ್. ನಿಮಗೆ ಸುಳ್ಳು ಹೇಳಿದೆ.”

ಅವರು ಬಾಟಲಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಮೊದಲು ಕೈ ತೊಳೆದುಕೊಂಡು ಬಾ ಎಂದಷ್ಟೇ ಹೇಳಿ ಜೀಪು ಹತ್ತಿ ಗೌಡರ ಮನೆಗೆ ಹೋದರು. ಸಂಜೆಯೊಳಗೆ ಪೈಪು ಕತ್ತರಿಸಿ ಬಿರಡೆ ಹಾಕಿಸಿದರು. ಹೊರಗಿನಿಂದ ಟ್ಯಾಂಕರಿನಲ್ಲಿ ನೀರು ಬಂತು. ವಾರದೊಳಗೆ ಪಡಸಾಲೆ ಖಾಲಿಯಾಯಿತು.

ಗೌಡರಿಗೆ ಏನೂ ಆಗಲಿಲ್ಲ. ಮಳೆಯಿಂದ ಪೈಪು ಸೋರಿ ನೀರು ಕೆಟ್ಟಿತು ಎಂದು ಎಲ್ಲೋ ಬರೆದು ಮುಗಿಸಿದರು. ಹೊಸ ಪೈಪು ಹಾಕಲು ತಮ್ಮ ಹೊಲದ ಬದುವಿನಲ್ಲಿ ಜಾಗ ಬಿಟ್ಟುಕೊಟ್ಟರೆಂದು ಶಾಲೆಯಲ್ಲೇ ಸಭೆ ಮಾಡಿ ಅವರಿಗೆ ಹಾರ ಹಾಕಿದರು, ಹುಲಿಗೆಮ್ಮನ ಹೊರಸು ಇಳಿಸಿದ ಅದೇ ಪಡಸಾಲೆಯಲ್ಲಿ. ಕೈ ಮುಗಿದು ಹಾರ ಹಾಕಿಸಿಕೊಂಡ ಆ ಮೆಲುದನಿಯ ಮನುಷ್ಯನನ್ನು ನೋಡುತ್ತಿದ್ದಾಗ ಆದ ಹೇಸಿಗೆ ಕೊಳೆತ ಕುರಿಯನ್ನು ನೋಡಿದಾಗಲೂ ಆಗಿರಲಿಲ್ಲ. ಕುರಿಯದು ನೆಲ ಸೇರಿತು. ಇದು ಸೇರುವಂಥದಲ್ಲ.

ಮಜ್ಜಿಗೆ ನಿಂತಿತು. ಕೋಣೆ ಬೇಕಾಗಿದೆ ಎಂದು ಗಿರಿಜಮ್ಮ ಬೇರೆಯವರ ಕೈಯಲ್ಲಿ ಹೇಳಿಕಳಿಸಿದಳು. ನಾನು ಪೆಟ್ಟಿಗೆ ಎತ್ತಿಕೊಂಡು ಬೊಮ್ಮಕ್ಕನ ಮನೆಯ ಪಕ್ಕದ ಖಾಲಿ ಕೋಣೆಗೆ ಹೋದೆ. ಪೆಟ್ಟಿಗೆಯಲ್ಲಿದ್ದ ಕಾಗದ ಹರಿದು ಒಲೆಗೆ ಹಾಕಿದೆ. ಇಷ್ಟೆಲ್ಲ ಆದರೂ ಒಂದು ಬಾಗಿಲಿಗೆ ಮಾತ್ರ ಹೋಗಿರಲಿಲ್ಲ. ಕೇರಿಗೆ ದಿನಾ ಇಳಿಯುತ್ತಿದ್ದೆ, ದುರುಗಪ್ಪನ ಮನೆಯ ಓಣಿ ಬಂದರೆ ಬಳಸಿ ಹೋಗುತ್ತಿದ್ದೆ.

ಎರಡನೆಯ ಮಳೆ ಬಿದ್ದು ಗುಡ್ಡ ಪೂರ್ತಿ ಹಸಿರಾದ ಮೇಲೆ ಒಂದು ಬೆಳಗ್ಗೆ ಬಳಸದೆ ನೇರ ಹೋದೆ. ದುರುಗಪ್ಪ ಬಾಗಿಲ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಏಳಲಿಲ್ಲ. ನಾನು ನಿಂತೇ ಹೇಳಿದೆ. ಅವತ್ತು ಹೊಸ್ತಿಲ ಹೊರಗೇ ನಿಂತಿದ್ದೆ, ನಾತಕ್ಕೆ ಹೇಸಿ ಒಳಗೆ ಬರಲಿಲ್ಲ, ಬಂದಿದ್ದರೆ ಉಳಿಯುತ್ತಿದ್ದಳೇನೋ.

ಅವನ ಕೈ ಹಗ್ಗದ ಮೇಲೆ ನಿಂತಿತು.

“ಗೊತ್ತೈತ್ರಿ,” ಅಂದ. “ನಾನು ಒಳಗ ಇದ್ನಲ್ಲ, ಆಕಿ ತಲಿ ಹಿಡಕೊಂಡು ಕುಂತಿದ್ದೆ. ನಿಮ್ಮ ಕಾಲು ಕಾಣತಿದ್ದುವು.”

ಕ್ಷಮೆ ಕೇಳಬೇಕೆಂದು ಬಂದಿದ್ದೆ, ಕೇಳಲಿಲ್ಲ. ಅವನೂ ಏನೂ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಒಳಗೆ ಕೂಸು ಅಳುತ್ತಿತ್ತು. ಅವನು ಹಗ್ಗ ಕೆಳಗಿಟ್ಟು ಬಾಗಿಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದ.

“ಎರಡು ದಿನ ಆತು, ಕೂಸಿನ ಮೈ ಸುಡ್ತೈತಿ. ಅವ್ವಗ ತಿಳಿಯವಲ್ದು.”

ತಲೆ ತಗ್ಗಿಸಿ ಒಳಗೆ ಹೋದೆ. ಮೂಲೆಯಲ್ಲಿ ಮುದುಕಿಯ ತೊಡೆಯ ಮೇಲೆ ಕೂಸು ವಾಂತಿ ಮಾಡಿಕೊಂಡು ಮಲಗಿತ್ತು. ಎರಡೂ ಕೈಯಿಂದ ಎತ್ತಿಕೊಂಡು ಎದೆಗೆ ಒತ್ತಿಕೊಂಡೆ. ಕತ್ತಿನ ಹಿಂದೆ ಕೈಯಿಟ್ಟು ಜ್ವರ ನೋಡಿದೆ. ಮತ್ತೊಮ್ಮೆ ಕಾರಿತು, ನನ್ನ ಭುಜದ ಮೇಲೆ, ಬೆಚ್ಚಗೆ.